ಮೊಸರು ಕದಡದ ಕಾರು

ನಿಮ್ಮ ಮುತ್ತಾತ ಒಮ್ಮೆ ಏಳು ತಿಂಗಳ ಬಸುರಿಯಾಗಿದ್ದರು! ನಗಬೇಡಿ ಮಕ್ಕಳೇ. ಪಕ್ಕದ ಅಗಳಿ ಊರಿನ ದಾರಿಯಲ್ಲಿ ಕುರಿ ಮೇಯಿಸುತ್ತಿದ್ದವರೆಲ್ಲ ಕಣ್ಣಾರೆ ಕಂಡ ಸಂಗತಿ ಇದು. ಬರೆಯಲು ನನಗೆ ನಾಚಿಕೆ. ಆದರೂ ನಾನು ಹೇಳದಿದ್ದರೆ ನಿಮಗೆ ಇನ್ನು ಯಾರು ಹೇಳುತ್ತಾರೆ?

ಮುತ್ತಾತ ಎಂದರೆ ನನ್ನ ಮಾವನವರು. ಆಗ ನಮ್ಮ ಸೀಮೆ ಮದರಾಸು ಸರ್ಕಾರಕ್ಕೆ ಸೇರಿತ್ತು. ಮಡಕಶಿರದ ಕಡೆ ನಮ್ಮೂರು. ಕಡಲೆಕಾಯಿ, ರಾಗಿ, ಒಂದು ಮಂದೆ ಕುರಿ, ಇವಿಷ್ಟೇ ಇದ್ದ ಮನೆಗೆ ಅವರು ಒಂದು ದಿನ ಕಾರು ತಂದು ನಿಲ್ಲಿಸಿದರು. ಇಂಗ್ಲೆಂಡಿಗೆ ವಾಪಸು ಹೊರಟ ಯಾವನೋ ಬಿಳಿ ದೊರೆ ಬಿಟ್ಟುಹೋದ ಹಳೆಯ ಕಾರು. ದೊರೆ ಅದನ್ನು ಯಾಕೆ ಬಿಟ್ಟುಹೋದ ಎಂಬುದು, ಅದರಲ್ಲಿ ಕೂತವರಿಗೆ ಊರು ದಾಟುವುದರೊಳಗೆ ತಿಳಿಯುತ್ತಿತ್ತು! ಅದರ ಕಮಾನು ಪಟ್ಟಿಗಳು ಸವೆದು ಚಪ್ಪಟೆಯಾಗಿದ್ದವು. ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು ಅವು. ಗಾಲಿ ಕುಣಿಗೆ ಬಿದ್ದರೆ ಏಟನ್ನು ಅವೇ ನುಂಗಿಕೊಳ್ಳಬೇಕು. ನಮ್ಮ ಕಾರಿನವು ಏನನ್ನೂ ನುಂಗುತ್ತಿರಲಿಲ್ಲ; ಎಲ್ಲವನ್ನೂ ಕೂತವರ ಸೊಂಟಕ್ಕೇ ಬಡಿಸುತ್ತಿದ್ದವು.

ಆ ವರ್ಷ ನಾನು ಬಸುರಿ. ಅದರ ಹಿಂದಿನ ಬಸಿರು ಎತ್ತಿನ ಗಾಡಿಯ ಕುಲುಕಾಟದಲ್ಲಿ ಹೋಗಿಬಿಟ್ಟಿತು ಎಂದು ಮನೆಯವರೆಲ್ಲ ನಂಬಿದ್ದರು. ಅದಕ್ಕೇ ನಮ್ಮತ್ತೆ ಕಟ್ಟಪ್ಪಣೆ ಮಾಡಿದ್ದರು: "ಗಾಲಿ ಇರೋ ಯಾವುದನ್ನೂ ಇವ್ಳು ಹತ್ತಂಗಿಲ್ಲ!"

ನನ್ನ ತವರು ರಾಯದುರ್ಗ. ಅಲ್ಲಿ ಅವ್ವನಿಗೆ ಸೊಂಟ ಬಿದ್ದುಹೋಗಿ ಹೊಸಿಲು ದಾಟಲೂ ಆಗುತ್ತಿರಲಿಲ್ಲ. ಅವಳು ಬರುವಂತಿಲ್ಲ, ನಾನು ಹೋಗುವಂತಿಲ್ಲ. ಹೆರಿಗೆಗೆ ಅವ್ವ ಪಕ್ಕದಲ್ಲಿಲ್ಲದಿದ್ದರೆ ಈ ಮಗುವೂ ಉಳಿಯುವುದಿಲ್ಲ ಎಂದು ನನಗೆ ಏಕೋ ಭಯ. ಒಂದು ಸಂಜೆ ಹಿತ್ತಲಲ್ಲಿ ಒಬ್ಬಳೇ ಕೂತು ಅಳುತ್ತಿದ್ದೆ. ಎಮ್ಮೆಗೆ ನೀರಿಡಲು ಬಂದ ಮಾವನವರು ನೋಡಿದರು. ಎಮ್ಮೆಗೆ ನೀರಿಟ್ಟು ಹೊರಟುಹೋದರು.

ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ಕಾರು ಬಿಚ್ಚುವ ಸದ್ದು!

ಊರ ಗಂಡಸರು ಗಳ ಕೊಟ್ಟು ಕಾರನ್ನು ಮೇಲೆತ್ತಿದರು. ಎತ್ತಿದ್ದಾಯಿತು, ಅಡಿಗೆ ಆಸರೆ ಬೇಕಲ್ಲ? ಮಾವನವರು ಅಡುಗೆಮನೆಗೆ ನುಗ್ಗಿ ಒರಳುಕಲ್ಲನ್ನೇ ಉರುಳಿಸಿಕೊಂಡು ಹೋದರು.

"ಅಲ್ಲಾ, ಒಳ್ಳುಕಲ್ನ ಕಾರಿಗ್ ಕೊಟ್ರೆ ನಾನು ಚಟ್ನಿ ಎಲ್ಲಿ ರುಬ್ಲಿ? ನಿಮ್ ತಲೆ ಮ್ಯಾಲಾ?" ಎಂದು ಅತ್ತೆ ಕೂಗಿದರು.

"ಈಗ ಪುರುಸೊತ್ತಿಲ್ಲ ಕಣೆ, ಆಮ್ಯಾಲೆ ರುಬ್ಬೀಯಂತೆ," ಎಂದರು ಮಾವನವರು!

ಹಳೆಯ ಪಟ್ಟಿಗಳು ಹೊರಬಂದವು. ಅವನ್ನು ಹಿಡಿದಿದ್ದ ಪಿನ್ನುಗಳು ಸವೆದು, ನಡು ಸಣ್ಣಗಾಗಿ, ಹೆಣ್ಣು ನೋಡುವ ಶಾಸ್ತ್ರಕ್ಕೆ ಕೂರಿಸಿದ ಹುಡುಗಿಯರ ಹಾಗಿದ್ದವು. ಮಾವನವರು ಹಿಂದೂಪುರದ ಗುಜರಿಯಿಂದ ಬೇರೆ ಪಟ್ಟಿ, ಬೇರೆ ಪಿನ್ನು ತಂದು ಕೂರಿಸಿದರು. ಒರಳುಕಲ್ಲು ತೆಗೆದದ್ದೇ ತಡ, ಕಾರು ಒಂಟೆಯಂತೆ ಎದ್ದು ನಿಂತಿತು! ಅವು ಮೂಟೆ ಹೊರುವ ಲಾರಿಯ ಪಟ್ಟಿಗಳಾಗಿದ್ದವು.

ಇನ್ನು ಪರೀಕ್ಷೆ. ಮಾವನವರು ಗಟ್ಟಿ ಮೊಸರು ತುಂಬಿದ ಬಿಂದಿಗೆಯನ್ನು ಪಂಚೆಯಿಂದ ತಮ್ಮ ಹೊಟ್ಟೆಗೆ ಬಿಗಿದುಕೊಂಡು, ಮೇಲೆ ಕಂಬಳಿ ಹೊದ್ದು, ಹಿಂದಿನ ಸೀಟಿನಲ್ಲಿ ಒರಗಿ ಕೂತರು. ಕಾರು ನಡೆಸುವ ಕೆಲಸ ನಿಮ್ಮ ತಾತನದು.

"ಬಿಂದಿಗೇನ ಸೀಟಿನ ಮ್ಯಾಲಿಟ್ರೆ ಆಗಲ್ವೇನಪ್ಪಾ?" ಎಂದು ನಿಮ್ಮ ತಾತ ಕೇಳಿದರು.

"ಸೀಟಿನ ಮ್ಯಾಲಿಟ್ರೆ ಸೀಟಿನ ಕಷ್ಟ ಗೊತ್ತಾಗ್ತೈತೆ. ನಮಗೆ ಹೊಟ್ಟೆ ಕಷ್ಟ ಗೊತ್ತಾಗಬೇಕು. ನಡಿ, ಒಂದ್ ಕುಣೀನೂ ಬಿಡಬ್ಯಾಡ!"

ಅಗಳಿ ದಾರಿಯಲ್ಲಿ ಕುರಿ ಕಾಯುವವನೊಬ್ಬ ಕೋಲೂರಿ ನಿಂತು, "ಏನ್ ಗೌಡ್ರೇ, ಎಷ್ಟ್ ತಿಂಗ್ಳು?" ಎಂದನಂತೆ.

"ಏಳು ತುಂಬೈತೆ. ಕುರಿ ಪಕ್ಕಕ್ ಹೊಡಿ," ಎಂದು ಮಾವನವರು ಗಂಭೀರವಾಗಿಯೇ ಉತ್ತರ ಕೊಟ್ಟರಂತೆ! ನಿಮ್ಮ ತಾತ ಈ ಮಾತನ್ನು ಸಾಯುವ ತನಕ ಹೇಳಿಕೊಂಡು ನಕ್ಕರು.

ಮನೆಗೆ ಬಂದು ಬಿಂದಿಗೆ ಬಿಚ್ಚಿದರೆ ಮೊಸರೆಲ್ಲಿ? ಮಜ್ಜಿಗೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ ತೇಲುತ್ತಿತ್ತು. ಅತ್ತೆ ಅದನ್ನು ಬೆರಳಲ್ಲಿ ಎತ್ತಿ ಹಿಡಿದು, "ಕಡಗೋಲು ಎತ್ತಿಡವ್ವ. ಇನ್ನು ಕಾರಲ್ಲೇ ಕಡಿಯಾನ," ಎಂದು ನನಗೆ ಹೇಳಿದರು.

ಮಾವನವರು ಬಿಟ್ಟಾರೆಯೇ? ಒಂದೊಂದೇ ಪಟ್ಟಿ ಕಳಚಿ ಕಮಾನನ್ನು ಮೆತ್ತಗೆ ಮಾಡುತ್ತ ಬಂದರು. ಪಟ್ಟಿ ಕಳಚುವುದು, ಹೊಟ್ಟೆಗೆ ಮೊಸರು ಕಟ್ಟುವುದು, ಅಗಳಿ ದಾರಿ ಸುತ್ತುವುದು. ಬೆಣ್ಣೆ ನಿಂಬೆಯಿಂದ ನೆಲ್ಲಿಕಾಯಿಗೆ, ನೆಲ್ಲಿಕಾಯಿಯಿಂದ ಕಡಲೆಬೀಜಕ್ಕೆ ಇಳಿಯಿತು. ಪಟ್ಟಿಗಳು ಒಂದಕ್ಕೊಂದು ಉಜ್ಜದೆ ಜಾರಲಿ ಎಂದು ನನ್ನ ಬಾಣಂತನಕ್ಕೆ ತೆಗೆದಿಟ್ಟ ಹರಳೆಣ್ಣೆಯನ್ನೆಲ್ಲ ಅವಕ್ಕೆ ಕುಡಿಸಿದರು. ಮೇಲೆ ಕುರಿ ಚರ್ಮ ಸುತ್ತಿ ಹೊಲಿದರು. "ಎಣ್ಣೆ ಹಚ್ಚಿ, ಬೆಚ್ಚಗ್ ಸುತ್ತಿ, ಬಾಣಂತನ ಕಾರಿಗೇ ಮಾಡಿಬಿಟ್ರು!" ಎಂದು ಅತ್ತೆ ಊರೆಲ್ಲ ಹೇಳಿಕೊಂಡು ಬಂದರು.

ಕಡೆಗೊಂದು ದಿನ ಮಾವನವರು ಬಿಂದಿಗೆಯನ್ನು ಅತ್ತೆಯ ಮುಂದೆ ತಂದಿಟ್ಟರು. ಮೊಸರು ಹೆಪ್ಪುಗಟ್ಟಿದ್ದು ಹೆಪ್ಪುಗಟ್ಟಿದ ಹಾಗೇ ಇತ್ತು. ಕೆನೆ ಕೂಡ ಬಿರುಕು ಬಿಟ್ಟಿರಲಿಲ್ಲ.

ಅತ್ತೆಗೆ ನಂಬಿಕೆಯೇ ಇಲ್ಲ. "ಎಲ್ಲೋ ಮರದಡಿ ಕಾರ್ ನಿಲ್ಸಿ ನಿದ್ದೆ ಹೊಡ್ದು ಬಂದಿರ್ತೀರ," ಎಂದರು. ಸರಿ, ಮಾರನೆಯ ದಿನ ಬಿಂದಿಗೆ ಅತ್ತೆಯ ಹೊಟ್ಟೆಗೆ! ಊರ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡರು. ಅತ್ತೆ ಸುತ್ತು ಮುಗಿಸಿ ಇಳಿದರು. ಬಿಂದಿಗೆಯೊಳಗೆ ಇಣುಕಿ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಸೀರೆ ಜೋಡಿಸ್ಕೊಳವ್ವ," ಎಂದರು.

ರಾಯದುರ್ಗದ ದಾರಿಯಲ್ಲಿ ನಿಮ್ಮ ತಾತನನ್ನು ಪಕ್ಕಕ್ಕೆ ಕೂರಿಸಿ ಮಾವನವರೇ ಕಾರು ನಡೆಸಿದರು. ನಡೆಸಿದರು ಎನ್ನುವುದಕ್ಕಿಂತ ಕೈಹಿಡಿದು ಕರೆದುಕೊಂಡು ಹೋದರು ಎನ್ನಬೇಕು. ಕುಣಿ ಬಂದಲ್ಲೆಲ್ಲ ಎತ್ತಿನ ಗಾಡಿಗಳು ನಮ್ಮನ್ನು ಹಿಂದೆ ಹಾಕಿ ಹೋದವು. ಕಲ್ಯಾಣದುರ್ಗದ ಹತ್ತಿರ ಗಾಡಿಯವನೊಬ್ಬ, ಇದೇನು ಮದುವೆ ಮೆರವಣಿಗೆಯೇ ಎಂದು ತೆಲುಗಿನಲ್ಲಿ ಕೇಳಿದ. ಮಾವನವರ ಕಣ್ಣು ದಾರಿಯ ಕಲ್ಲುಗಳ ಮೇಲೇ ಇತ್ತು. ಮುಂಜಾನೆ ಬಿಟ್ಟವರು ದೀಪ ಹಚ್ಚುವ ಹೊತ್ತಿಗೆ ಅವ್ವನ ಮನೆ ಮುಂದೆ ನಿಂತೆವು.

ಅವ್ವ ಬಾಗಿಲಲ್ಲೇ ಕೂತಿದ್ದಳು. ನಾನು ಇಳಿದು ಅವಳ ಪಕ್ಕ ಕೂತೆ. ಅವಳು ನನ್ನ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟಳು. ಆಗಲೇ ಮಗು ಒಳಗೆ ಒದೆಯಿತು. "ಅಯ್ಯ, ಒದಿತೈತಿ ನೋಡ್ರಿ ಬೀಗರ!" ಎಂದು ಅವ್ವ ಜೋರಾಗಿ ಕೂಗಿ ನಕ್ಕಳು.

ಬೀಗರು ಎಲ್ಲಿ? ನೋಡಿದರೆ ಕಾರಿನ ಅಡಿ ಸೇರಿಬಿಟ್ಟಿದ್ದಾರೆ!

"ಯಾಕ್ರಿ ಬೀಗರ, ಒಳಗ ಬರ್ರಿ. ಕಾಫಿ ಆರತೈತಿ," ಎಂದಳು ಅವ್ವ.

"ಒಂದ್ ಬೋಲ್ಟ್ ಸಡ್ಲ ಆದಂಗೈತೆ. ನೋಡ್ಬುಟ್ ಬತ್ತೀನಿ."

ನಿಮ್ಮ ತಾತ ಲಾಟೀನು ಹಿಡಿದು ಹೋದರು. "ದೀಪ ಬ್ಯಾಡ," ಎಂದಿತು ಅಡಿಯಿಂದ ಬಂದ ದನಿ.

ದೀಪವಿಲ್ಲದೆ ಬೋಲ್ಟು ಹೇಗೆ ಕಾಣುತ್ತದೆ? ನನಗೆ ತಡೆಯಲಾಗಲಿಲ್ಲ. ಕಾರಿನ ಬಾಗಿಲು ಹಿಡಿದು ಮೆಲ್ಲಗೆ ಬಗ್ಗಿದೆ. ಮಾವನವರು ಅಂಗಾತ ಮಲಗಿದ್ದರು. ಕೈಯಲ್ಲಿ ಸ್ಪ್ಯಾನರಿರಲಿಲ್ಲ. ಪೇಟದ ತುದಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡಿದ್ದರು, ಎದೆ ಬಿಕ್ಕಿ ಬಿಕ್ಕಿ ಏಳುತ್ತಿತ್ತು.

ನಾನು ನೆಟ್ಟಗೆ ನಿಂತು ಸೆರಗು ಸರಿಮಾಡಿಕೊಂಡೆ.

"ಇನ್ನೂ ಸ್ವಲ್ಪ ಹೊತ್ತು ಹಿಡಿತೈತವ್ವ," ಎಂದೆ. "ಕಾಫಿ ಒಲಿ ಮ್ಯಾಲೇ ಇರ್ಲಿ."