ಹೆಬ್ಬೆರಳು ಸವೆದ ಓದುಗರು

ಗ್ರಂಥಾಲಯಕ್ಕೆ ಹೊಸ ಯಂತ್ರ ಬಂದಾಗಲೆಲ್ಲ ನನ್ನ ವೃತ್ತಿ ಬೆಳೆಯುತ್ತದೆ ಎಂದು ಮೇಲಿನವರು ಹೇಳುತ್ತಾರೆ. ಯಂತ್ರಗಳು ಬರುತ್ತಲೇ ಇವೆ. ವೃತ್ತಿ ಎಷ್ಟು ಬೆಳೆಯಿತೋ ಗೊತ್ತಿಲ್ಲ. ಹೇಳಿಕೊಂಡು ನಗುವಂಥ ಸಂಗತಿಗಳು ಮಾತ್ರ ತಪ್ಪದೆ ಬೆಳೆದಿವೆ.

ತುರುವೇಕೆರೆಯಿಂದ ದಬ್ಬೇಘಟ್ಟದ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿಯ ಶಾಖಾ ಗ್ರಂಥಾಲಯ ನನ್ನದು. ಒಂದು ಹಾಲ್, ಎರಡು ಫ್ಯಾನ್, ಗೋಡೆಯುದ್ದಕ್ಕೂ ಪುಸ್ತಕದ ಬೀರು. ನಾನು ಗ್ರಂಥಾಲಯ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದವನು. ಊರವರು ‘ಮೇಷ್ಟ್ರೇ’ ಅನ್ನುತ್ತಾರೆ. ಪುಸ್ತಕದ ಪಕ್ಕ ಕೂತವರೆಲ್ಲ ಅವರಿಗೆ ಮೇಷ್ಟ್ರೇ.

ಈಚೆಗೆ ಒಂದು ಸುತ್ತೋಲೆ ಬಂತು. ಓದುಗರು ಬಾರದ ಶಾಖೆಗಳನ್ನು ಮುಚ್ಚಿ ಪಟ್ಟಣದ ಗ್ರಂಥಾಲಯಕ್ಕೆ ಸೇರಿಸಲಾಗುವುದು ಎಂದಿತ್ತು. ಅದು ನನ್ನ ಕೈ ಸೇರಿದ ದಿನವೇ ಊರಿನ ಕೊಬ್ಬರಿ ವ್ಯಾಪಾರಿಯೊಬ್ಬರು ಒಳಗೆ ಬಂದು ಗೋಡೆ ತಟ್ಟಿ ನೋಡಿದರು.

“ತೇವ ಇಲ್ಲ ಅಲ್ವಾ ಮೇಷ್ಟ್ರೇ?”

“ಇಲ್ಲ. ಪುಸ್ತಕಕ್ಕೆ ತೇವ ಆಗೋದಿಲ್ಲ.”

“ಕೊಬ್ಬರೀಗೂ ಆಗಕ್ಕಿಲ್ಲ” ಎಂದು ಸಮಾಧಾನದಿಂದ ಹೊರಟರು.

ಹೆಚ್ಚು ಗಾಬರಿಯಾದವರು ಪೇಪರ್ ಅಜ್ಜ. ಬದುಕಿಡೀ ಕಾಯಿ ಸುಲಿದವರು. ಈಗ ನಾನು ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲಿರುತ್ತಾರೆ. ಪತ್ರಿಕೆಯನ್ನು ಮೊದಲ ಸಾಲಿನಿಂದ ಮುದ್ರಕರ ಹೆಸರಿನ ತನಕ ಓದಿ ಮಡಿಸಿಡುತ್ತಾರೆ. “ಮುಚ್ಚಿಬುಟ್ರೆ ಪೇಪರ್ ಓದಕ್ಕೆ ಬಸ್ ಹತ್ಕಂಡು ತುರುವೇಕೆರೆಗೆ ಹೋಗ್ಬೇಕೇನಪ್ಪ? ಅಷ್ಟೊತ್ಗೆ ಸುದ್ದಿ ಹಳೇದಾಗಿರ್ತದೆ” ಎಂದರು.

ಮುಚ್ಚಿದರೆ ನನಗೆ ಚಿಕ್ಕನಾಯಕನಹಳ್ಳಿಯ ಆಚೆ ಎಲ್ಲೋ ವರ್ಗ. ಹಾಗಾಗಿ ಓದುಗರನ್ನು ಸೆಳೆಯಲೆಂದು ಕಳಿಸಿದ ಯಂತ್ರಗಳನ್ನು ನಾನೂ ಶ್ರದ್ಧೆಯಿಂದಲೇ ಸ್ವಾಗತಿಸಿದೆ.

ತರಬೇತಿ

ಮೊದಲು ಬಂದದ್ದು ಯಂತ್ರವಲ್ಲ, ತರಬೇತಿ. ಗ್ರಂಥಪಾಲಕರನ್ನೆಲ್ಲ ಒಂದು ಸಭಾಂಗಣದಲ್ಲಿ ಕೂರಿಸಿದರು. ಟೈ ಕಟ್ಟಿದ ತರಬೇತುದಾರರು, “ಇವತ್ತಿನಿಂದ ನೀವು ಗ್ರಂಥಪಾಲಕರಲ್ಲ. ಮಾಹಿತಿ ತಜ್ಞರು” ಎಂದು ಘೋಷಿಸಿದರು. ನಾವು ಚಪ್ಪಾಳೆ ತಟ್ಟಿದೆವು. ಆಮೇಲೆ ಊಟ. ಊಟದ ನಂತರ ಮಾಹಿತಿ ಎಂದರೇನು ಎಂಬುದರ ಮೇಲೆ ಉಪನ್ಯಾಸವಿತ್ತು. ಆ ಹೊತ್ತಿಗೆ ತಜ್ಞರಲ್ಲಿ ಅರ್ಧ ಮಂದಿ ಕಣ್ಣು ಮುಚ್ಚಿದ್ದರು.

ಮರುದಿನ ಪೇಪರ್ ಅಜ್ಜ ಕೇಳಿದರು. “ಏನು ಕಲಿಸಿದ್ರು ಮೇಷ್ಟ್ರೇ?”

“ನಾನೀಗ ಮಾಹಿತಿ ತಜ್ಞ.”

“ಹಂಗಾರೆ ಹೇಳಿ. ತಿಪಟೂರಿಂದ ಸಂಜೆ ಕೊನೇ ಬಸ್ ಎಷ್ಟೊತ್ಗೆ?”

“ಗೊತ್ತಿಲ್ಲ.”

“ಬುಡಿ. ತರಬೇತೀಗೆ ಮುಂಚೇನೂ ಗೊತ್ತಿರ್ಲಿಲ್ಲ. ಏನೂ ಕೆಟ್ಟಿಲ್ಲ” ಎಂದು ಪತ್ರಿಕೆ ಬಿಡಿಸಿದರು.

ಕಂಪ್ಯೂಟರಿನ ಪೂಜೆ

ಕಂಪ್ಯೂಟರ್ ಬಂತು. ಉದ್ಘಾಟನೆಗೆ ಊರಿನ ದೊಡ್ಡ ತೋಟದ ಯಜಮಾನರನ್ನು ಕರೆದೆವು. ಪರದೆಗೆ ಅರಿಶಿನ ಕುಂಕುಮವಾಯಿತು, ಹೂವಿನ ಹಾರವಾಯಿತು. ಕೀಬೋರ್ಡಿನ ಮೇಲೆ ಎಲೆ ಅಡಿಕೆ ಇಟ್ಟರು.

ಕಾಯಿಯನ್ನು ಕಲ್ಲಿಗೆ ಕುಕ್ಕಿ ಒಡೆಯುವವರನ್ನು ನಮ್ಮ ಊರಿನಲ್ಲಿ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಅಂಗೈಯಲ್ಲಿ ಹಿಡಿದು, ಮಚ್ಚಿನ ಹಿಂಬದಿಯಿಂದ ಒಂದೇ ಏಟಿಗೆ ಸಮನಾಗಿ ಎರಡು ಹೋಳು ಮಾಡಬೇಕು. ಯಜಮಾನರು ಹಾಗೇ ಮಾಡಿದರು. ಹೋಳುಗಳು ಅಳತೆ ಹಿಡಿದಂತೆ ಸಮನಾಗಿದ್ದವು. ಜನ ಭೇಷ್ ಅಂದರು. ನೀರೆಲ್ಲ ಕೀಬೋರ್ಡಿನೊಳಕ್ಕೆ ಇಳಿಯಿತು.

ತಿಪಟೂರಿನಿಂದ ರಿಪೇರಿಯವನು ಬಂದ. ಕೀಬೋರ್ಡನ್ನು ಮಗುಚಿ, ಮೂಸಿ ನೋಡಿ ಕೇಳಿದ. “ಎಳನೀರಾ, ಕಾಯಿನೀರಾ ಸಾರ್?”

“ವ್ಯತ್ಯಾಸ ಇದೆಯಾ?”

“ಎಳನೀರಾದ್ರೆ ಇರುವೆ ಮುತ್ಕೊಳ್ತವೆ. ಕಾಯಿನೀರಾದ್ರೆ ಬರೀ ಕೆಟ್ಟೋಗ್ತದೆ.”

“ವಾರಂಟಿ ಸಿಗುತ್ತಾ?”

“ಬೆಂಕಿ, ಸಿಡಿಲು ಎಲ್ಲಾ ಬರ್ದವ್ರೆ ಸಾರ್. ತೆಂಗಿನಕಾಯಿ ಬರ್ದಿಲ್ಲ. ಕಂಪನಿಯೋರು ಈ ಕಡೆಯೋರಲ್ಲ.”

ಅಂತೂ ಹೊಸ ಕೀಬೋರ್ಡ್ ಬಂತು. ಜೋಡಿಸಿ ಮುಗಿಸುವಷ್ಟರಲ್ಲಿ ಯಜಮಾನರ ಫೋನ್. “ಹೊಸದು ಬಂತಂತಲ್ಲ ಮೇಷ್ಟ್ರೇ. ಪೂಜೆ ಯಾವತ್ತು?”

ಕೈಯಿಂದ ಕೈಗೆ

ಆಮೇಲೆ ಇ-ಪುಸ್ತಕ. ಫೋನಿನಲ್ಲೇ ಓದಬಹುದು, ಗ್ರಂಥಾಲಯಕ್ಕೆ ಬರುವುದೇ ಬೇಡ ಎಂದು ಪ್ರಚಾರ ಮಾಡಲು ಆದೇಶ. ಬಾರದಿದ್ದರೆ ಶಾಖೆ ಮುಚ್ಚುತ್ತೇವೆ ಎಂದವರೂ ಇವರೇ.

ನಮ್ಮಲ್ಲಿ ಹೆಚ್ಚು ಕಾದಂಬರಿ ಓದುವವರು ಹಿಟ್ಟಿನ ಗಿರಣಿ ನಡೆಸುವ ಅಕ್ಕ. ಅವರ ಫೋನಿಗೆ ಒಂದು ಪತ್ತೇದಾರಿ ಕಾದಂಬರಿ ಹಾಕಿಕೊಟ್ಟೆ. ವಾರವಾಯಿತು. ಅವರ ಗಂಡ ಬಂದರು. ಕಾಯಿ ಸಾಗಿಸುವ ಟೆಂಪೋ ಓಡಿಸುವವರು. ಬಹಳ ಕೋಪದಲ್ಲಿದ್ದರು.

“ಏನ್ ಮಾಡಿಟ್ಟಿದ್ದೀರಿ ಮೇಷ್ಟ್ರೇ? ನಮ್ಮನೆಯೋಳ ಫೋನ್ ಮನೇಲಿಲ್ಲ.”

ವಿಚಾರಿಸಿದಾಗ ತಿಳಿಯಿತು. ನಮ್ಮೂರಲ್ಲಿ ಗ್ರಂಥಾಲಯದ ಪುಸ್ತಕವನ್ನು ಒಬ್ಬರೇ ಓದಿ ವಾಪಸ್ ಮಾಡುವ ಪದ್ಧತಿಯಿಲ್ಲ. ಒಬ್ಬರು ತಂದದ್ದು ಬೀದಿಯನ್ನೆಲ್ಲ ಸುತ್ತಿ ಬರುತ್ತದೆ. ಅಕ್ಕ ಓದಿ ಮುಗಿಸಿ, ಪದ್ಧತಿಯಂತೆ ಫೋನನ್ನು ಪಕ್ಕದ ಮನೆಗೆ ಕೊಟ್ಟಿದ್ದರು. ಅವರು ಆಚೆ ಮನೆಗೆ. ಅಲ್ಲಿಂದ ಎದುರು ಮನೆಗೆ.

“ಫೋನ್ ಮಾಡಿ ನೋಡಬಹುದಿತ್ತಲ್ಲ” ಎಂದೆ.

“ಮಾಡ್ದೆ ಕಣ್ರೀ. ಅರಸೀಕೆರೇಲಿ ಗಾಡಿ ಪಂಚರಾಗಿ ನಿಂತಿತ್ತು. ಮನೇಗೆ ಹೇಳಣ ಅಂತ ಮಾಡಿದ್ರೆ ಯಾರೋ ಹೆಂಗಸು ಎತ್ತಿ, ‘ಕೊಲೆ ಮಾಡಿದ್ದು ಯಾರು ಅಂತ ಇನ್ನೇನು ಗೊತ್ತಾಗ್ತದೆ, ಆಮೇಲೆ ಮಾಡಿ’ ಅಂದು ಇಟ್ಟುಬುಟ್ಳು.”

ಶ್ರೇಷ್ಠ ಓದುಗ

ಕೊನೆಗೆ ಬಂದದ್ದು ಹೆಬ್ಬೆರಳಿನ ಯಂತ್ರ. ಇನ್ನು ಮೇಲೆ ಓದುಗರು ಒಳಗೆ ಬರುವಾಗ, ಹೊರಗೆ ಹೋಗುವಾಗ ಬಾಗಿಲ ಬಳಿ ಹೆಬ್ಬೆರಳು ಒತ್ತಬೇಕು. ಯಾವ ಶಾಖೆಗೆ ಜನ ಬರುತ್ತಾರೆ, ಯಾವುದನ್ನು ಮುಚ್ಚಬೇಕು ಎಂಬುದನ್ನು ಯಂತ್ರವೇ ಮೇಲಿನವರಿಗೆ ತಿಳಿಸುತ್ತದೆ. ನನ್ನ ಮಾತಿಗೆ ಬೆಲೆಯಿಲ್ಲ. ಮೊದಲೂ ಇರಲಿಲ್ಲ, ಈಗ ಅಧಿಕೃತವಾಯಿತು.

ಮೊದಲು ಪೇಪರ್ ಅಜ್ಜ ಒತ್ತಿದರು. ಯಂತ್ರದೊಳಗಿನ ಹೆಣ್ಣು ದನಿ, “ಗುರುತು ಸಿಗಲಿಲ್ಲ. ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ” ಎಂದಿತು. ಮತ್ತೊಮ್ಮೆ ಒತ್ತಿದರು. ಸಿಗಲಿಲ್ಲ. ಅವರ ಹಿಂದೆ ಕಾಯಿ ಸುಲಿಯುವ ಮೂವರು, ಕೊಬ್ಬರಿ ಒಡೆಯುವ ಹೆಂಗಸರು. ಒಬ್ಬರದೂ ಸಿಗಲಿಲ್ಲ. ನೆಲದಲ್ಲಿ ನೆಟ್ಟ ಹಾರೆಗೆ ಕಾಯಿ ಚುಚ್ಚಿ, ತಿರುಚಿ ಮಟ್ಟೆ ಬಿಡಿಸುವ ಕೈಗಳು ಅವು. ಹೆಬ್ಬೆರಳಿನ ಗೆರೆಗಳೆಲ್ಲ ಸವೆದು ನುಣ್ಣಗಾಗಿದ್ದವು. ಸೋಪು ಹಾಕಿ ತೊಳೆಸಿದೆ. ನಿಂಬೆಹಣ್ಣು ಉಜ್ಜಿಸಿದೆ. ಕೊಬ್ಬರಿ ಎಣ್ಣೆ ಹಚ್ಚಿಸಿದೆ. ಅದರಿಂದ ಯಂತ್ರ ಜಿಡ್ಡಾಯಿತು.

“ಈಯಮ್ಮನೂ ಥೇಟ್ ನಮ್ಮ ಮನೆಯೋಳಂಗೇ ಕಣಪ್ಪ. ಎದುರಿಗೆ ನಿಂತಿದ್ರೂ ನಾನು ಕಾಣಕ್ಕಿಲ್ಲ” ಎಂದರು ಅಜ್ಜ.

ಮೇಲಿನವರಿಗೆ ಬರೆದೆ. ‘ಬೇರೆ ಬೆರಳು ಬಳಸಲು ಸೂಚಿಸಿ’ ಎಂದು ಉತ್ತರ ಬಂತು. ಹತ್ತು ಬೆರಳೂ ಕೂಡಿಯೇ ಕಾಯಿ ಸುಲಿದಿವೆ ಎಂದು ಮತ್ತೆ ಬರೆದೆ. ಅದಕ್ಕೆ ಉತ್ತರವಿಲ್ಲ.

ಗಿರಣಿ ಅಕ್ಕನ ಬೆರಳನ್ನೂ ಹಿಟ್ಟು ಸವೆಸಿತ್ತು. ಓದುಗರಲ್ಲಿ ಯಂತ್ರ ಒಪ್ಪಿದ ಹೆಬ್ಬೆರಳು ಒಂದೇ. ಕಾಯಿ ಒಡೆದ ಯಜಮಾನರ ಮನೆ ಅಳಿಯನದು. ಊರವರು ಅವರನ್ನು ಅಳಿಯದೇವರು ಅನ್ನುತ್ತಾರೆ. ಮದುವೆಯಾಗಿ ಬಂದಂದಿನಿಂದ ಕಾಯಿ ಇರಲಿ, ನೀರಿನ ಬಿಂದಿಗೆಯನ್ನೂ ಎತ್ತಿದವರಲ್ಲ. ಮಾವನ ಕಣ್ಣಿಗೆ ಬಿದ್ದರೆ ತೋಟಕ್ಕೆ ಕಳಿಸುತ್ತಾರೆಂದು ಬೆಳಗ್ಗೆಯೇ ಗ್ರಂಥಾಲಯಕ್ಕೆ ಬಂದು, ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಮಲಗಿ, ಊಟದ ಹೊತ್ತಿಗೆ ಎದ್ದು ಹೋಗುತ್ತಾರೆ. ಅವರ ಹೆಬ್ಬೆರಳು ಬೆಣ್ಣೆಯಂತಿತ್ತು. ಒಂದೊಂದು ಗೆರೆಯೂ ಸ್ಪಷ್ಟ. ಒತ್ತಿದ ಕೂಡಲೇ ಯಂತ್ರ “ಧನ್ಯವಾದಗಳು” ಎನ್ನುತ್ತಿತ್ತು.

ತಿಂಗಳ ಕೊನೆಗೆ ಮೇಲಿನಿಂದ ಎರಡು ಲಕೋಟೆ ಬಂದವು. ಮೊದಲನೆಯದರಲ್ಲಿ, ನಿಮ್ಮ ಶಾಖೆಗೆ ಒಬ್ಬರೇ ಬರುತ್ತಿರುವುದರಿಂದ ಮುಚ್ಚುವ ಬಗ್ಗೆ ತಪಾಸಣೆಗೆ ಅಧಿಕಾರಿ ಬರುತ್ತಾರೆ ಎಂದಿತ್ತು. ಎರಡನೆಯದು ಆ ಒಬ್ಬರಿಗೆ ‘ಶ್ರೇಷ್ಠ ಓದುಗ’ ಪ್ರಶಸ್ತಿ ಪತ್ರ. ಮಾವ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು.

ಪೇಪರ್ ಅಜ್ಜ ಮಲಗಿದ್ದ ಅಳಿಯದೇವರನ್ನು ಬಹಳ ಹೊತ್ತು ನೋಡಿ ಹೇಳಿದರು. “ಓದಕ್ಕೆ ಕಣ್ಣು ತೆಗೀಬೇಕು ಅಂತ ಇಷ್ಟು ವರ್ಷ ಅಂದ್ಕಂಡಿದ್ದೆ ಕಣಪ್ಪ. ಓದಿದ್ದೆಲ್ಲ ದಂಡ.”

ತಪಾಸಣೆ

ಅಧಿಕಾರಿ ಬಂದ ದಿನ ಹಾಲ್ ತುಂಬಿತ್ತು. ನಾನೇನೂ ಕರೆಸಿರಲಿಲ್ಲ, ಅಜ್ಜ ಬೀದಿ ಬೀದಿಗೆ ಹೇಳಿ ಬಂದಿದ್ದರು. ಗಿರಣಿ ಅಕ್ಕ ಗಿರಣಿ ನಿಲ್ಲಿಸಿ ಬಂದಿದ್ದರು. ಕೊಬ್ಬರಿ ವ್ಯಾಪಾರಿಯೂ ಬಂದು ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಅಳತೆ ಟೇಪು.

“ಓದುಗರು ಎಲ್ರೀ?” ಎಂದರು ಅಧಿಕಾರಿ.

“ಕೂತಿದ್ದಾರಲ್ಲ ಸಾರ್.”

“ನನಗೆ ಕಾಣ್ತಾರೆ. ಸಿಸ್ಟಮ್‌ಗೆ ಕಾಣಬೇಕಲ್ಲ. ಅದರ ಪ್ರಕಾರ ಇಲ್ಲಿರೋರು ಒಬ್ಬರೇ.” ಆ ಒಬ್ಬರು ಫ್ಯಾನಿನ ಕೆಳಗೆ ಗೊರಕೆ ಹೊಡೆಯುತ್ತಿದ್ದರು. “ನಾನೇನ್ ಮಾಡಕ್ಕಾಗುತ್ತೆ ಹೇಳಿ. ಮುಚ್ಚಬಹುದು ಅಂತ ಬರೆದು ಹೋಗ್ತೀನಿ.”

ಬರೆಯುವುದೂ ಬಾಗಿಲ ಬಳಿಯ ಹೆಬ್ಬೆರಳಿನ ಯಂತ್ರದಲ್ಲೇ. ತಪಾಸಣೆಯ ಪುಟ ತೆರೆದೆ. ಅಧಿಕಾರಿ ಮೊದಲು ಹೆಬ್ಬೆರಳು ಒತ್ತಬೇಕು, ಆಮೇಲೆ ಅಭಿಪ್ರಾಯ ಆರಿಸಬೇಕು. ಅವರು ಒತ್ತಿದರು.

“ಗುರುತು ಸಿಗಲಿಲ್ಲ. ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ.”

ಪ್ಯಾಂಟಿಗೆ ಒರೆಸಿ ಒತ್ತಿದರು. ಸಿಗಲಿಲ್ಲ. ಊದಿ ಒತ್ತಿದರು.

“ಆಫೀಸಲ್ಲಿ ಹೇಗೆ ಮಾಡ್ತೀರಿ ಸಾರ್?”

“ಅಲ್ಲಿ ಯಂತ್ರಕ್ಕೆ ಮುಖ ತೋರಿಸೋದು.”

ಅಜ್ಜ ಎದ್ದು ಹತ್ತಿರ ಬಂದರು. “ಕೈ ಕೊಡಿ ಸ್ವಾಮಿ, ನೋಡಣ.” ಅಂಗೈ ತಿರುಗಿಸಿ ನೋಡಿದರು. “ಯಾವೂರು ತಮ್ಮದು?”

“ಬಿಳಿಗೆರೆ ಹತ್ರ.”

“ತ್ವಾಟ ಐತೆ.”

“ಇದೆ.”

“ಸುಲಿಯೋರು ಸಿಗಕ್ಕಿಲ್ಲ.”

“ಎಲ್ಲಿ ಸಿಗ್ತಾರೆ ಅಜ್ಜ? ಭಾನುವಾರ ಭಾನುವಾರ ನಾನೇ ಹಾರೆ ಮುಂದೆ ನಿಂತ್ಕೊಂಡು...” ಅಧಿಕಾರಿ ಅಲ್ಲಿಗೆ ನಿಲ್ಲಿಸಿದರು.

ಅಜ್ಜ ನನ್ನ ಕಡೆ ತಿರುಗಿದರು. “ಮೇಷ್ಟ್ರೇ, ಇವ್ರೂ ಬಂದಿಲ್ಲ.”

ಹಾಲ್ ನಕ್ಕಿತು. ಅಧಿಕಾರಿಯ ಮುಖ ಕೆಂಪಾಯಿತು. ಹೆಬ್ಬೆರಳಿಲ್ಲದೆ ತಪಾಸಣೆ ದಾಖಲಾಗುವುದಿಲ್ಲ. ದಾಖಲಾಗದಿದ್ದರೆ ಅವರು ಇನ್ನೊಂದು ದಿನ ಬಸ್ಸು ಹತ್ತಿ ಬಂದು, ಇದೇ ಬೆರಳು ಒತ್ತಿ, ಇದೇ ಹೆಂಗಸಿನ ದನಿ ಕೇಳಬೇಕು.

ಆ ಹೊತ್ತಿಗೆ ಊಟದ ಸಮಯವಾಯಿತು. ಅಳಿಯದೇವರು ಎದ್ದರು. ಮೈ ಮುರಿದು, ಅರ್ಧ ಕಣ್ಣು ತೆರೆದು, ಯಾರನ್ನೂ ನೋಡದೆ ಬಾಗಿಲಿಗೆ ಹೋದರು. ಅಭ್ಯಾಸದಂತೆ ಹೆಬ್ಬೆರಳು ಒತ್ತಿ ಮೆಟ್ಟಿಲಿಳಿದರು.

“ಧನ್ಯವಾದಗಳು. ತಪಾಸಣೆ ಪೂರ್ಣಗೊಂಡಿದೆ” ಎಂದಿತು ಯಂತ್ರ.

ಪರದೆ ನೋಡಿದೆವು. ತಪಾಸಣಾಧಿಕಾರಿ ಎಂಬಲ್ಲಿ ಅಳಿಯದೇವರ ಹೆಸರು. ಒತ್ತಿದ ಕೂಡಲೇ ಅಭಿಪ್ರಾಯ ಆರಿಸದಿದ್ದರೆ ಯಂತ್ರ ಮೊದಲನೆಯದನ್ನೇ ಹಿಡಿಯುತ್ತದೆ. ಮೊದಲನೆಯದು: ‘ತೃಪ್ತಿಕರ. ಶಾಖೆಯನ್ನು ಮುಂದುವರಿಸಬಹುದು.’

“ಅಳಿಸಿ” ಎಂದರು ಅಧಿಕಾರಿ.

“ಅದಕ್ಕೆ ತಪಾಸಣೆ ಮಾಡಿದವರ ಹೆಬ್ಬೆರಳು ಬೇಕು ಸಾರ್.”

ಅಧಿಕಾರಿ ಬಾಗಿಲಾಚೆ ನೋಡಿದರು. ತಪಾಸಣೆ ಮಾಡಿದವರು ಮುದ್ದೆ ಆರುವ ಮೊದಲು ಮನೆ ಸೇರುವ ಆತುರದಲ್ಲಿ ಬೀದಿ ತಿರುವು ದಾಟಿದ್ದರು. ಅಧಿಕಾರಿ, “ಆಯ್ತಲ್ಲ ಬಿಡ್ರಿ. ಪೂರ್ಣಗೊಂಡಿದೆ ಅಂತಿದೆಯಲ್ಲ” ಎಂದು ಚೀಲ ಎತ್ತಿಕೊಂಡರು. ವ್ಯಾಪಾರಿ ಟೇಪು ಸುತ್ತಿಕೊಂಡರು. ಅಜ್ಜ ಅರ್ಧಕ್ಕೆ ಬಿಟ್ಟಿದ್ದ ಸಂಪಾದಕೀಯಕ್ಕೆ ಮರಳಿದರು.

ಶಾಖೆ ಮುಚ್ಚಲಿಲ್ಲ. ನನ್ನ ವರ್ಗವೂ ಆಗಲಿಲ್ಲ. ಕೆಲವು ದಿನಗಳ ನಂತರ ಮೇಲಿನಿಂದ ಒಂದು ಪತ್ರ ಬಂತು. ವೃತ್ತಿ ಬೆಳವಣಿಗೆಯ ವಿಶೇಷ ತರಬೇತಿ, ತಪಾಸಣಾಧಿಕಾರಿಗಳಿಗೆ ಮಾತ್ರ. ನಮ್ಮ ಶಾಖೆಯಿಂದ ಹೆಸರು ಅಳಿಯದೇವರದು.

ಫ್ಯಾನಿನ ಕೆಳಗಿದ್ದವರನ್ನು ಎಬ್ಬಿಸಿ ಪತ್ರ ಓದಿ ಹೇಳಿದೆ. ಉಪನ್ಯಾಸಗಳಿವೆ, ಬೆಳಗಿನಿಂದ ಸಂಜೆವರೆಗೆ ಕೂರಬೇಕು ಎಂದೆ. ಅವರು ಒಂದು ಕಣ್ಣು ಮಾತ್ರ ತೆರೆದರು.

“ಅಲ್ಲಿ ಫ್ಯಾನಾ ಮೇಷ್ಟ್ರೇ, ಏಸೀನಾ?”