ಡಾಲ್ಫಿನ್‌ಗಳ ಆರೋಗ್ಯ, ನನ್ನ ಹೊಟ್ಟೆ

ಕುವೈತಿನ ಕಡಲಿನಲ್ಲಿ ಡಾಲ್ಫಿನ್‌ಗಳ ಆರೋಗ್ಯ ನೋಡುವುದು ನನ್ನ ಕೆಲಸ. ಇಂಥ ಕೆಲಸ ಹಿಡಿದವನಿಗೆ ನಗೆಪಾಟಲಿನ ಪ್ರಸಂಗಗಳಿಗೆ ಬರವಿಲ್ಲ, ಕರೆಯದಿದ್ದರೂ ವಾರಕ್ಕೊಂದು ಬಂದೇ ಬರುತ್ತದೆ. ನಮ್ಮದು ಬೆನ್ನಿನಲ್ಲಿ ಗೂನಿರುವ ಡಾಲ್ಫಿನ್, ಅಳಿವಿನಂಚಿನ ಜಾತಿ. ನಮ್ಮ ಮುಖ್ಯಸ್ಥೆ ಕುವೈತಿ ಡಾಕ್ಟರಮ್ಮ, ಯಾವುದೋ ಚಳಿ ದೇಶದಲ್ಲಿ ಇದರ ದೊಡ್ಡ ನೆಂಟರಾದ ಓರ್ಕಾ ತಿಮಿಂಗಿಲಗಳ ಆರೋಗ್ಯ ನೋಡಿ ವಿದ್ಯೆ ಕಲಿತು ಬಂದವರು.

ಹೆಂಡತಿ ಇಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ನನ್ನ ಅಪ್ಪನಿಗೂ ಅಣ್ಣನಿಗೂ ಸಕ್ಕರೆ ಕಾಯಿಲೆ ಇರುವುದರಿಂದ ನನ್ನ ರಕ್ತವನ್ನೂ ಒಮ್ಮೆ ಪರೀಕ್ಷೆ ಮಾಡಿಸಬೇಕೆಂದು ಮೂರು ವರ್ಷದಿಂದ ಬೆನ್ನು ಹತ್ತಿದ್ದಳು. ನನಗೆ ಸೂಜಿ ಎಂದರೆ ಭಯ. ಬೋಟ್ ಹೊರಡುವ ಹೊತ್ತಾಯಿತು ಎಂದು ಪ್ರತಿ ಸಲ ಜಾರಿಕೊಳ್ಳುತ್ತಿದ್ದೆ.

ಉಸಿರಿನ ಡ್ಯೂಟಿ

ಶುವೈಖಿನ ಗ್ಯಾರೇಜೊಂದರಲ್ಲಿರುವ ಊರಿನವರೊಬ್ಬರು ನನ್ನನ್ನು ಮೀನಿನ ಆಫೀಸಿನವನೆಂದೇ ತಿಳಿದಿದ್ದರು. ಸಿಕ್ಕಾಗಲೆಲ್ಲ ಒಳ್ಳೆಯ ಅಂಜಲ್ ಮೀನು ಎಲ್ಲಿ ಸಿಗುತ್ತದೆ ಎಂದು ವಿಚಾರಣೆ. ಒಂದು ಶುಕ್ರವಾರ ಫಹಾಹೀಲಿನ ಹೋಟೆಲಿನಲ್ಲಿ ಕೂರಿಸಿಕೊಂಡು ಎಲ್ಲ ವಿವರಿಸಿದೆ. ಡಾಲ್ಫಿನ್ ಉಸಿರು ಬಿಡಲು ಮೇಲೆ ಬಂದಾಗ ಅದರ ನೆತ್ತಿಯ ಮೇಲೆ ಡ್ರೋನ್ ಹಾರಿಸುತ್ತೇವೆ, ಡ್ರೋನಿಗೆ ಕಟ್ಟಿದ ತಟ್ಟೆಗೆ ಉಸಿರಿನ ಹನಿ ಬೀಳುತ್ತದೆ, ಕಾಯಿಲೆ ಇದೆಯೇ ಎಂದು ಅದನ್ನು ಲ್ಯಾಬಿನಲ್ಲಿ ಪರೀಕ್ಷಿಸುತ್ತೇವೆ.

ಅವರು ಚಹಾದ ಲೋಟ ಕೆಳಗಿಟ್ಟು ಹೇಳಿದರು: "ಪುಣ್ಯ ಮಾಡಿದ ಡಾಲ್ಫಿನ್ ಮಾರಾಯ್ರೆ. ನಾನು ಉಸಿರಾಡ್ತಾ ಇದ್ದೇನಾ ಇಲ್ವಾ ಅಂತ ನನಗೆ ವೀಸಾ ಕೊಟ್ಟ ಕಫೀಲ್ ಇಷ್ಟರವರೆಗೆ ನೋಡಿದ್ದಿಲ್ಲ."

ಹದಿನೇಳನೆಯದರ ನೆಗಡಿ

ನಮ್ಮ ಡಾಲ್ಫಿನ್‌ಗಳಿಗೆ ಹೆಸರಿಲ್ಲ, ನಂಬರ್ ಮಾತ್ರ. ಅದರಲ್ಲಿ ಹದಿನೇಳು ಎಲ್ಲರ ಮುದ್ದಿನದು. ಒಂದು ಚಳಿಗಾಲ ಅದರ ತಟ್ಟೆಯಲ್ಲಿ ಮನುಷ್ಯರ ಗಂಟಲಿನ ರೋಗಾಣು ಸಿಕ್ಕಿತು. ಡಾಕ್ಟರಮ್ಮನಿಗೆ ಗಾಬರಿಯೋ ಗಾಬರಿ. ತುರ್ತು ಮೀಟಿಂಗ್ ಕರೆದು, ಮನುಷ್ಯರ ಕಾಯಿಲೆ ಕಡಲಿಗೆ ಇಳಿದದ್ದು ಹೇಗೆ ಎಂದು ಚರ್ಚೆ ಶುರುವಾಯಿತು. ನಾನು ಮೂಗು ಒರೆಸಿಕೊಳ್ಳುತ್ತಾ ಟಿಪ್ಪಣಿ ಬರೆಯುತ್ತಿದ್ದೆ. ಅವರು ನನ್ನ ಮೂಗನ್ನು ನೋಡಿ, ಆ ತಟ್ಟೆಯ ಮುಚ್ಚಳ ಹಾಕಿದ್ದು ಯಾರೆಂದು ಕೇಳಿದರು. ನಾನೇ ಎಂದೆ. ಹಾಕುವಾಗ ಸೀನಿದಿರಾ ಎಂದರು. ಎರಡೇ ಸಲ ಎಂದೆ. ಮೀಟಿಂಗ್ ಅಲ್ಲಿಗೆ ಖಲಾಸ್.

ಹೆಂಡತಿಗೆ ಮಾತ್ರ ಖುಷಿ. "ಡಾಲ್ಫಿನ್ ಲೆಕ್ಕದಲ್ಲಾದ್ರೂ ನಿಮ್ಮದೊಂದು ಟೆಸ್ಟ್ ಆಯ್ತಲ್ಲ."

ಬೆನ್ನಿನ ಗುರುತು

ಡಾಲ್ಫಿನ್‌ಗಳನ್ನು ನಾವು ಗುರುತಿಸುವುದು ಬೆನ್ನಿನ ಈಜುರೆಕ್ಕೆಯಿಂದ. ಅಲ್ಲಿ ಉಗುರಿನಷ್ಟು ಗೀರು ಹೊಸದಾಗಿ ಬಿದ್ದಿದ್ದರೂ ನನ್ನ ಕಣ್ಣು ತಪ್ಪಿಸಲಾರದು. ಈ ಬಗ್ಗೆ ನನಗೆ ತುಸು ಜಂಬವೂ ಇತ್ತು. ಹೆಂಡತಿ ಕೂದಲು ಭುಜದವರೆಗೆ ಕತ್ತರಿಸಿಕೊಂಡು ನಾಲ್ಕು ದಿನ ನನ್ನೆದುರೇ ಓಡಾಡಿದಳು, ನನಗೆ ಗೊತ್ತೇ ಆಗಲಿಲ್ಲ. ಐದನೆಯ ದಿನ ಅವಳೇ ಹೇಳಬೇಕಾಯಿತು. "ನನ್ನ ಬೆನ್ನಲ್ಲೂ ಒಂದು ರೆಕ್ಕೆ ಇರ್ತಿದ್ರೆ ನೋಡ್ತಿದ್ರಿ."

ಮರೆತ ಹಲಗೆ

ಡ್ರೋನ್ ಮೇಲಿನಿಂದ ತೆಗೆದ ಫೋಟೋದಲ್ಲಿ ಉದ್ದ ಅಗಲ ಅಳೆದು, ಡಾಲ್ಫಿನ್ ಸೊರಗಿದೆಯೋ ಬಸುರಿಯೋ ಎಂದು ಹೇಳಬಹುದು. ಅಳತೆ ಸರಿಯಿದೆಯೇ ಎಂದು ತಿಳಿಯಲು, ಉದ್ದ ಗೊತ್ತಿರುವ ಒಂದು ಹಲಗೆಯನ್ನು ಬೋಟಿನಲ್ಲಿ ಮಲಗಿಸಿ ಮೊದಲು ಅದರ ಫೋಟೋ ತೆಗೆಯಬೇಕು. ಹದಿನೇಳು ಬಸುರಿಯಿರಬಹುದೆಂದು ನೋಡಲು ಹೊರಟ ದಿನವೇ ನಾನು ಆ ಹಲಗೆಯನ್ನು ಶುವೈಖಿನ ಗೋದಾಮಿನಲ್ಲಿ ಮರೆತಿದ್ದೆ. ಡಾಕ್ಟರಮ್ಮ ಬೈಯಲಿಲ್ಲ, ನನ್ನ ಎತ್ತರ ಎಷ್ಟೆಂದು ಕೇಳಿದರು. ಐದಡಿ ಆರಿಂಚು ಎಂದೆ.

"ಯಲ್ಲಾ, ಬೇಗ ಮಲಗಿ."

ಬೆಳಗ್ಗೆ ತಿಂದ ಮೂರು ತುಪ್ಪದ ದೋಸೆಯ ಸಮೇತ ಬೋಟಿನಲ್ಲಿ ಉದ್ದಕ್ಕೆ ಮಲಗಿದೆ.

ಮರುದಿನ ಕಂಪ್ಯೂಟರ್ ಫೋಟೋದಲ್ಲಿದ್ದ ದೇಹಗಳನ್ನೆಲ್ಲ ಅಳೆದು ಪಟ್ಟಿ ಕೊಟ್ಟಿತು. ಎರಡಕ್ಕೆ ಕೆಂಪು ಗುರುತು: ಒಂದು ಹದಿನೇಳು, ಇನ್ನೊಂದು ನಂಬರಿಲ್ಲದ್ದು. ಎರಡರ ಮುಂದೆಯೂ ಒಂದೇ ಷರಾ, 'ಗರ್ಭಿಣಿ, ದಿನ ಹತ್ತಿರ.' ಲ್ಯಾಬಿಗೆ ಲ್ಯಾಬೇ ನೋಡಲು ಬಂತು. ನನ್ನನ್ನು ಪಟ್ಟಿಯಿಂದ ತೆಗೆಯಿರಿ ಎಂದು ಬೇಡಿಕೊಂಡೆ. ಡಾಕ್ಟರಮ್ಮ ಗಂಭೀರವಾಗಿ ನಿಯಮದ ಹಾಳೆ ತೆಗೆದು ಓದಿದರು: ಕೆಂಪು ಗುರುತು ಬಿದ್ದ ಪ್ರಾಣಿಯನ್ನು ಪಟ್ಟಿಯಿಂದ ಕೈಬಿಡಬಾರದು, ವಾರದೊಳಗೆ ಪರೀಕ್ಷಿಸಬೇಕು.

"ಇದನ್ನು ಬರೆದದ್ದು ಯಾರು?"

ನಾನೇ. ಅವರು ನನ್ನೆದುರೇ ನನ್ನ ಹೆಂಡತಿಗೆ ಫೋನ್ ಮಾಡಿದರು.

ಅವಳು ಅದೇ ಸಂಜೆ ನನ್ನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋಗಿ ತಾನೇ ಸೂಜಿ ಹಿಡಿದಳು. ಸಕ್ಕರೆ ಗಡಿಯಲ್ಲಿ ನಿಂತಿತ್ತು, ಇನ್ನೂ ದಾಟಿರಲಿಲ್ಲ. ರಿಪೋರ್ಟ್ ನೋಡಿ ಅವಳ ಕಣ್ಣಲ್ಲಿ ನೀರು ಬಂದದ್ದನ್ನು ಕಂಡಾಗ, ಮೂರು ವರ್ಷ ಸತಾಯಿಸಿದ್ದಕ್ಕೆ ನನಗೆ ನಿಜಕ್ಕೂ ನಾಚಿಕೆಯಾಯಿತು. ಅಂದಿನಿಂದ ತುಪ್ಪ ಬಂದ್, ಕಡಲ ದಂಡೆಯಲ್ಲಿ ನಡಿಗೆ ಶುರು.

ಎರಡು ತಿಂಗಳ ಮೇಲೆ ಹದಿನೇಳು ತನ್ನ ಮರಿಯನ್ನು ಪಕ್ಕದಲ್ಲಿಟ್ಟುಕೊಂಡು ನಮ್ಮ ಬೋಟಿನ ಹತ್ತಿರವೇ ಈಜಿ ಹೋಯಿತು. ಸಂತೋಷ ತಡೆಯಲಾರದೆ ಮನೆಗೆ ಓಡಿಬಂದು ಹೆಂಡತಿಗೆ ಸುದ್ದಿ ಹೇಳಿದೆ. ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ ನನ್ನ ಹೊಟ್ಟೆಯನ್ನೇ ನೋಡಿದಳು.

"ಇಬ್ಬರಿಗೂ ಒಟ್ಟಿಗೇ ದಿನ ಹೇಳಿದ್ದಲ್ವಾ? ನಿಮ್ಮದು ಎಂತಕ್ಕೆ ಇನ್ನೂ ಆಗ್ಲಿಲ್ಲ?"