ಮುತ್ತಿಗೆ ಹಾಕಿದವನ ಚಹಾ

ಮೂವತ್ತು ವರ್ಷ ಇತಿಹಾಸ ಕಲಿಸಿ ನಿವೃತ್ತನಾದ ನನಗೆ ಒಂದು ಕ್ರಿಯಾಪದದ ಮೇಲೆ ವಿಶೇಷ ಮೋಹ. ಅದು ‘ಮುತ್ತಿಗೆ ಹಾಕು’. ಈಗ ಹತ್ತು ಜನ ಕಚೇರಿಯ ಮುಂದೆ ಕೂಗಿ ಊಟದ ಹೊತ್ತಿಗೆ ಮನೆ ಸೇರಿದರೂ ಪತ್ರಿಕೆಯವರು ‘ಮುತ್ತಿಗೆ ಹಾಕಿದರು’ ಎಂದು ಬರೆದುಬಿಡುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಮುತ್ತಿಗೆಯೆಂದರೆ ಕೋಟೆಯನ್ನು ಸುತ್ತುವರಿದು, ಕಾಳು ನೀರು ತಡೆದು, ಶತ್ರು ತಾನಾಗಿ ಬಾಗಿಲು ತೆರೆಯುವವರೆಗೆ ಕಾಯುವುದು. ಇದನ್ನು ವರ್ಷ ವರ್ಷ ಬರೆಸಿದೆನೇ ಹೊರತು, ಒಮ್ಮೆಯೂ ಹಾಕಿ ನೋಡಿರಲಿಲ್ಲ.

ಆ ಯೋಗ ಬಂದದ್ದು ಅವ್ವನಿಂದ. ನಿಪ್ಪಾಣಿಯ ತಂಬಾಕಿನ ಹೊಲಗಳ ನಡುವೆ ಹುಟ್ಟಿದ ಅವ್ವನಿಗೆ ಬೆಳಗಾದರೆ ಮಿಶ್ರಿ ಬೇಕು. ತಂಬಾಕನ್ನು ಕರ್ರಗೆ ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುವುದು, ಆಮೇಲೆ ಅರ್ಧ ಗಂಟೆ ಯಾರೊಂದಿಗೂ ಮಾತಿಲ್ಲ. ಈಚೆಗೆ ಚಿಕ್ಕೋಡಿಯ ಡಾಕ್ಟರು ಅವಳ ಬಾಯಲ್ಲಿ ಬಿಳಿ ಮಚ್ಚೆ ಕಂಡು, “ಇದನ್ನ ಇವತ್ತ ಬಿಡಸ್ರಿ, ಇಲ್ಲಾಂದ್ರ ಕೆಟ್ಟ ಬ್ಯಾನಿ ಆದೀತು” ಎಂದರು. ನನಗೆ ಹೆದರಿಕೆಯಾಯಿತು. ಎಂಬತ್ತರ ಅವ್ವ ಇನ್ನೂ ನನಗೆ ಬೇಕು.

ಮುತ್ತಿಗೆ ಹಾಕಿದೆ. ಮಿಶ್ರಿ ಡಬ್ಬಿ ನನ್ನ ಕಪಾಟಿನೊಳಗೆ ಹೋಯಿತು. ಅಂಗಡಿಯವನಿಗೆ ತಾಕೀತಾಯಿತು. ಎರಡು ದಿನ ಅವ್ವ ತಲೆಗೆ ಬಟ್ಟೆ ಬಿಗಿದು ಗೋಡೆಗೆ ಮುಖ ಮಾಡಿ ಮಲಗಿದಳು. ಸೇನಾಪತಿ ಕರಗಬಾರದೆಂದು ಹೊರಗೆ ಹೋಗಿ ಕೂತೆ.

ಮೂರನೆಯ ದಿನ ಅವ್ವ ಎದ್ದು ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿ ಕೂತಳು. ನನ್ನ ಚಹಾ ಬಂತು.

“ಸಕ್ಕರಿ ಎಷ್ಟ ಹಾಕಿದಿ ಬೇ?” ಎಂದು ಸೊಸೆಯನ್ನು ಕೇಳಿದಳು.

“ಎರಡ ಚಮಚಾರಿ. ಕಡಿಮಿ ಆದ್ರ ಸಿಟ್ಟಾಗ್ತಾರ.”

ಅವ್ವ ನನ್ನ ಕಡೆ ತಿರುಗಿದಳು. “ತಮ್ಮಾ, ನಿನಗ ಸಕ್ಕರಿ ಬ್ಯಾನಿ ಬಂದ ಎರಡ ವರ್ಷ ಆತು. ನನ್ನ ಡಾಕ್ಟರ್ ಖರೆ, ನಿನ್ನ ಡಾಕ್ಟರ್ ಸುಳ್ಳೇನು? ನೀ ಸಕ್ಕರಿ ಬಿಡು, ನಾ ಮಿಶ್ರಿ ಬಿಡ್ತೀನಿ. ನೀ ಚಮಚಾ ಮುಟ್ಟಿದ ದಿವಸ ನನ್ನ ಡಬ್ಬಿ ನನ್ನ ಕೈಗೆ ಬರಬೇಕ್.”

“ಅತ್ತಿಯವ್ರು ಹೇಳೂದು ಬರೋಬ್ಬರಿ ಐತ್ರಿ,” ಎಂದು ನನ್ನ ಸೈನ್ಯದಲ್ಲಿದ್ದ ಏಕೈಕ ಸಿಪಾಯಿಯೂ ಆ ಕಡೆ ಸೇರಿದಳು.

ಒಪ್ಪಂದವಾಗಿ ಎರಡು ತಿಂಗಳಾಯಿತು. ಮಚ್ಚೆ ಮಾಸುತ್ತಿದೆಯೆಂದು ಡಾಕ್ಟರು ಹೇಳಿದಾಗ ನನಗೆ ಕಣ್ಣು ತುಂಬಿ ಬಂತು. ಆ ಸಂತೋಷದಲ್ಲಿ ನಿನ್ನೆ ಸಕ್ಕರೆ ಡಬ್ಬಿಗೆ ಕೈ ಹಾಕಿದೆ. ಅವ್ವ ಮಣೆಯ ಮೇಲಿಂದಲೇ ಸುಮ್ಮನೆ ಅಂಗೈ ಚಾಚಿದಳು.

ಚಮಚ ಕೆಳಗಿಟ್ಟೆ. ಸಪ್ಪೆ ಚಹಾ ಕುಡಿಯುತ್ತ ಮುತ್ತಿಗೆ ಮುಂದುವರಿಸಿದ್ದೇನೆ. ಒಳಗಿರುವವರು ಯಾರು, ಹೊರಗಿರುವವರು ಯಾರು ಎಂದು ಮಾತ್ರ ಕೇಳಬೇಡಿ.